ಎಕರೆಗೆ 2,700 ರೂಪಾಯಿ: ಒಂದು ಜಲಾನಯನ ಸಮಿತಿ ಬದುವಿನ ದುಡ್ಡು ಹಂಚಿದ್ದು ಹೇಗೆ

ಮೊದ್ಲು ಲೆಕ್ಕ ಹೇಳ್ಬಿಡ್ತೀನಿ, ಯಾಕಂದ್ರೆ ಜಗಳ ಶುರುವಾಗಿದ್ದೇ ಅಲ್ಲಿಂದ. ಒಂದು ಕಿರು ಜಲಾನಯನ, ಅಂದ್ರೆ ಬಿದ್ದ ಮಳೆ ನೀರೆಲ್ಲಾ ಒಂದೇ ಹಳ್ಳಕ್ಕೆ ಹರಿದು ಬರೋ ಜಾಗ, ಹೆಚ್ಚುಕಮ್ಮಿ 500 ಹೆಕ್ಟೇರ್ ಇರತ್ತೆ. ಕೇಂದ್ರದ ಸಮಗ್ರ ಜಲಾನಯನ ನಿರ್ವಹಣಾ ಕಾರ್ಯಕ್ರಮ, ಎಲ್ಲರ ಬಾಯಲ್ಲಿ ಐಡಬ್ಲ್ಯೂಎಂಪಿ, 2009-10ರಲ್ಲಿ ಶುರುವಾದಾಗ ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 12,000 ರೂಪಾಯಿ ಅಂತ ದರ ಇತ್ತು, ಗುಣಿಸಿದ್ರೆ 60 ಲಕ್ಷ ಆಯ್ತು. ಊರಿಗೆ 60 ಲಕ್ಷ ಬಂದೈತಂತೆ ಅನ್ನೋ ಸುದ್ದಿ ಎರಡೇ ದಿನದಲ್ಲಿ ಎಲ್ಲಾ ಕಡೆ ಹಬ್ಬಿತ್ತು, ಅದರಲ್ಲಿ ಏನೇನು ಕಳೀಬೇಕು ಅನ್ನೋದನ್ನ ಮಾತ್ರ ನಾವೇ ಮನೆಮನೆಗೆ ಹೋಗಿ ಹೇಳ್ಬೇಕಾಯ್ತು.

ಆಗ ಕಳೀತಿದ್ದಿದ್ದು ಹೀಗೆ. ಆಡಳಿತ ವೆಚ್ಚ ಶೇ. 10, ಉಸ್ತುವಾರಿ ಮತ್ತೆ ಮೌಲ್ಯಮಾಪನಕ್ಕೆ ತಲಾ ಶೇ. 1, ಆರಂಭದಲ್ಲಿ ಊರಿನ ವಿಶ್ವಾಸ ಗಳಿಸೋಕೆ ಅಂತ ಮಾಡೋ ಕೆಲಸಕ್ಕೆ ಶೇ. 4, ತರಬೇತಿ ಸಂಘಟನೆಗೆ ಶೇ. 5, ಡಿಪಿಆರ್ ಅಂದ್ರೆ ವಿವರವಾದ ಯೋಜನಾ ವರದಿ ಬರೆಯೋಕೆ ಶೇ. 1, ಭೂಮಿ ಇಲ್ಲದವರ ಜೀವನೋಪಾಯಕ್ಕೆ ಶೇ. 9, ಉತ್ಪಾದನೆ ಮತ್ತು ಸಣ್ಣ ಉದ್ಯಮಕ್ಕೆ ಶೇ. 10, ಕೊನೆಯಲ್ಲಿ ಎಲ್ಲ ಹಸ್ತಾಂತರ ಮಾಡೋ ಹಂತಕ್ಕೆ ಶೇ. 3. ಇದು 2011ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಪ್ರಕಾರ. ಇಷ್ಟೆಲ್ಲಾ ಹೋದ್ಮೇಲೆ ಬದು, ಕೃಷಿ ಹೊಂಡ, ಚೆಕ್ ಡ್ಯಾಮ್ ಅಂತ ನೆಲದ ಮೇಲೆ ಕಾಣೋ ಕೆಲಸಕ್ಕೆ ಉಳೀತಿದ್ದಿದ್ದು ಶೇ. 56, ಅಂದ್ರೆ 33 ಲಕ್ಷದ 60 ಸಾವಿರ. 500 ಹೆಕ್ಟೇರ್ ಅಂದ್ರೆ 1,235 ಎಕರೆ, ಭಾಗಿಸಿ ನೋಡಿ, ಎಕರೆಗೆ 2,700 ಚಿಲ್ಲರೆ. ಅದೂ ಒಂದು ವರ್ಷಕ್ಕಲ್ಲ, ಇಡೀ ಯೋಜನೆ ಮುಗಿಯೋವರೆಗೆ.

ಊರು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನದು, ಹೆಸರು ಬೇಡ. ನಾನು ಆಗ ಜಲಾನಯನ ಅಭಿವೃದ್ಧಿ ತಂಡದಲ್ಲಿ ಜನರನ್ನ ಸೇರಿಸೋ, ಸಂಘ ಕಟ್ಟೋ ಕೆಲಸ ನೋಡ್ಕೊತಿದ್ದೆ. ಪ್ರಾಜೆಕ್ಟ್ ಅಂದ್ರೆ ಇಂಥ ಹಲವು ಕಿರು ಜಲಾನಯನಗಳ ಒಂದು ಗುಚ್ಛ, ನಾನು ಹೇಳ್ತಿರೋದು ಅದರೊಳಗಿನ ಒಂದರ ಕಥೆ. ಸಮಿತಿಯನ್ನ ಗ್ರಾಮಸಭೆಯಲ್ಲೇ ಆರಿಸ್ಬೇಕು, ಕನಿಷ್ಠ 10 ಜನ ಇರ್ಬೇಕು, ಅದರಲ್ಲಿ ಅರ್ಧದಷ್ಟು ಸ್ವಸಹಾಯ ಸಂಘ, ಬಳಕೆದಾರರ ಗುಂಪು, ಪರಿಶಿಷ್ಟರು, ಮಹಿಳೆಯರು, ಭೂರಹಿತರ ಕಡೆಯವರು ಇರ್ಬೇಕು ಅಂತ ನಿಯಮ. ಕಾಗದದ ಮೇಲೆ ಅದು ಸರಿಯಾಗೇ ಇತ್ತು. ಮೀಟಿಂಗಲ್ಲಿ ಮಾತಾಡೋರು ಮಾತ್ರ ಮೂರು ನಾಕು ಜನ, ಅವರೆಲ್ಲಾ ಹಳ್ಳದ ಪಕ್ಕ ಬೋರ್‌ವೆಲ್ ಇರೋರು, ಉಳಿದವರು ಚಾಪೆ ಅಂಚಲ್ಲಿ ಕೂತು ಕೇಳಿಸ್ಕೊಂಡು ಹೋಗೋರು. ಮಾತು ಅರ್ಧ ಕನ್ನಡ ಅರ್ಧ ತೆಲುಗು, ಆ ಕಡೆ ಎಲ್ಲಾ ಹಂಗೇ, ಜೋರಾದಾಗಂತೂ ಪೂರ್ತಿ ತೆಲುಗೇ.

ಊರಿನ ನೆಲ ಹೇಗಿತ್ತು ಅಂತ ಗೊತ್ತಾಗದಿದ್ರೆ ಜಗಳ ಅರ್ಥ ಆಗಲ್ಲ. ಮೇಲ್ಗಡೆ ಬಂಡೆಗುಡ್ಡ, ಅದರ ಬುಡದಲ್ಲಿ ಗರಸು ಬೆರೆತ ಕೆಂಪು ಮಣ್ಣಿನ ಇಳಿಜಾರು, ಅಲ್ಲಿ ಬಹುಪಾಲು ದರಖಾಸ್ತಲ್ಲಿ, ಅಂದ್ರೆ ಅರ್ಜಿ ಹಾಕಿ ಸರ್ಕಾರದಿಂದ ಮಂಜೂರಾಗಿ ಸಿಕ್ಕ ಎರಡು ಮೂರು ಎಕರೆ ಜಮೀನುಗಳು, ಹೆಚ್ಚಿನವು ಪರಿಶಿಷ್ಟರದ್ದು. ಮಧ್ಯದಲ್ಲಿ ಮಳೆ ನಂಬ್ಕೊಂಡು ಶೇಂಗಾ ಹಾಕೋ ಹೊಲಗಳು. ಕೆಳಗೆ ಹಳ್ಳದ ಗುಂಟ ಮಣ್ಣು ದಪ್ಪ, ಬೋರ್‌ವೆಲ್ ಇರೋದೂ ಅಲ್ಲೇ. ಗುಡ್ಡದ ಪಕ್ಕದ ಗೋಮಾಳದಲ್ಲಿ ಕುರಿ ಮೇಯಿಸೋರು ಬೇರೆ ಇದ್ರು, ಅವರಿಗೆ ಜಮೀನೇ ಇಲ್ಲ ಅಥವಾ ಇದ್ರೂ ಲೆಕ್ಕಕ್ಕಿಲ್ಲ.

ಮೂರು ಕಡೆಯಿಂದ ಮೂರು ಬೇಡಿಕೆ. ಮೇಲಿನವರಿಗೆ ಬದು ಬೇಕು. ಕೆಳಗಿನವರಿಗೆ ಹಳ್ಳಕ್ಕೆ ಮೂರು ಕಡೆ ಚೆಕ್ ಡ್ಯಾಮ್ ಬೇಕು. ಕುರಿಯವರಿಗೆ ದನ ಕುರಿ ನೀರು ಕುಡಿಯೋಕೆ ಗೋಕಟ್ಟೆ ಬೇಕು, ಜೊತೆಗೆ ಗಿಡ ನೆಡ್ತೀವಿ ಅಂತ ಗೋಮಾಳಕ್ಕೆ ಬೇಲಿ ಹಾಕ್ಬಾರದು. ಎಲ್ಲಾ ಸೇರಿಸಿ ಅಂದಾಜು ಮಾಡಿದ್ರೆ ಇರೋ ದುಡ್ಡನ್ನ ಮೀರಿ ಎಲ್ಲೋ ಹೋಗ್ತಿತ್ತು.

ಮೊದಲ ಸಭೆಯಲ್ಲೇ ಬಂದ ಸಲಹೆ ಏನಪ್ಪಾ ಅಂದ್ರೆ ಎಲ್ಲರಿಗೂ ಎಕರೆ ಲೆಕ್ಕದಲ್ಲಿ ಸಮ ಹಂಚಿಬಿಡಿ, ಜಗಳಾನೇ ಇರಲ್ಲ. ನಿಜ ಹೇಳ್ಬೇಕಂದ್ರೆ ಯಾವ ಊರಿಗೆ ಹೋದ್ರೂ ಮೊದ್ಲು ಬರೋ ಸಲಹೆ ಇದೇ, ಕೇಳೋಕೆ ನ್ಯಾಯವಾಗೂ ಇರತ್ತೆ, ಎರಡೆಕರೆಯವನಿಗೆ 5,400, ಹತ್ತೆಕರೆಯವನಿಗೆ 27,000, ಯಾರೂ ಯಾರನ್ನೂ ಬಯ್ಯಂಗಿಲ್ಲ. ಆದ್ರೆ ನೀರು ಸರ್ವೆ ನಂಬರ್ ನೋಡ್ಕೊಂಡು ಹರಿಯಲ್ವಲ್ಲ. ಮೇಲಿನ ಹೊಲಕ್ಕೆ ಬದು ಇಲ್ದೆ ಕೆಳಗಿನ ಹೊಲಕ್ಕೆ ಹಾಕಿದ್ರೆ ಮೇಲಿಂದ ಬರೋ ನೀರೆಲ್ಲಾ ಬಂದು ಅದಕ್ಕೇ ಗುದ್ದತ್ತೆ, ಒಂದು ಜೋರು ಮಳೆಗೆ ಅದು ಒಡೀತದೆ, ಅಲ್ಲಿ ಒಟ್ಟುಗೂಡಿದ್ದ ನೀರು ಒಂದೇ ಬಾಯಲ್ಲಿ ನುಗ್ಗಿ ಅದರ ಕೆಳಗಿನದ್ದನ್ನೂ ಒಡೀತದೆ, ಬದು ಹಾಕದೇ ಇದ್ದಾಗ ಇಲ್ಲದ ಕೊರಕಲು ಬದು ಹಾಕಿದ್ಮೇಲೆ ಬೀಳತ್ತೆ. ಅರ್ಧಂಬರ್ಧ ಬದು ಹಾಕೋದಕ್ಕಿಂತ ಹಾಕದೇ ಇರೋದು ವಾಸಿ ಅಂತ ನಮ್ಮ ತಂಡದ ಇಂಜಿನಿಯರ್ ಹೇಳ್ತಾನೇ ಇದ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಮೇಲಿಂದ ಕೆಳಕ್ಕೆ ಕೆಲಸ ಮಾಡ್ಬೇಕು ಅಂತ ಮಾರ್ಗಸೂಚಿಯಲ್ಲೂ ಇದೆ, ತರಬೇತಿಗಳಲ್ಲೂ ಇದನ್ನೇ ಉರು ಹೊಡಿಸ್ತಾರೆ. ಕೆಳಗಿನವರು ಇದನ್ನ ವಿರೋಧಿಸಿದ್ದು ಬರೀ ಸ್ವಾರ್ಥ, ದುಡ್ಡು ಮೇಲಕ್ಕೆ ಹೋಗತ್ತೆ ಅನ್ನೋ ಹೊಟ್ಟೆಉರಿ ಅಂತ ನಾವೆಲ್ಲಾ ಅಂದ್ಕೊಂಡಿದ್ವಿ. ಹೊಲ ಸುತ್ತೋಕೆ ಹೋದಾಗ ಮಧ್ಯದ ಹೊಲದ ಒಬ್ಬ ರೈತ ಹಾರೆಯಲ್ಲಿ ತನ್ನ ಮಣ್ಣನ್ನ ಅಗೆದು ತೋರಿಸಿದ, ಮೊಣಕೈ ಆಳದವರೆಗೂ ನುಣ್ಣಗಿನ ಮಣ್ಣು, ಅದೆಲ್ಲಾ ಮೇಲಿಂದ ಮಳೆಗೆ ಕೊಚ್ಚಿ ಬಂದಿದ್ದು. ಅವನಿಗೆ ಪ್ರತಿ ವರ್ಷ ಬಿಟ್ಟಿ ಮಣ್ಣು ಬರ್ತಿತ್ತು, ಮೇಲೆ ಬದು ಬಿದ್ರೆ ಅದು ನಿಂತುಹೋಗ್ತದೆ. ಮೇಲಿನವಳೊಬ್ಬಳು ವಿಧವೆ, ಅವಳ ಹೊಲದಲ್ಲಿ ನೇಗಿಲು ಇಟ್ರೆ ಗರಸು ಸಿಗ್ತಿತ್ತು, ಅವಳು ಅಲ್ಲೇ ನಿಂತ್ಕೊಂಡು ಅದು ನನ್ನ ಮಣ್ಣು ಕಣಪ್ಪಾ ಅಂದ್ಲು. ಅವನಿಗೆ ಕೋಪ ಬರ್ಲಿಲ್ಲ, ನಕ್ಕ, ಹೌದು ಅಂತ ಒಪ್ಕೊಂಡ. ಸಭೆಯಲ್ಲಿ ಒಂದು ತಿಂಗಳು ಬಗೆಹರಿಯದ ವಿಷಯ ಅಲ್ಲಿ ಗುಂಡಿ ಪಕ್ಕ ನಿಂತು ಹತ್ತು ನಿಮಿಷದಲ್ಲಿ ಮಾತಿಗೆ ಬಂತು, ಬಗೆಹರೀತು ಅಂತ ಹೇಳಲ್ಲ, ಆದ್ರೆ ಯಾರಿಗೆ ಏನು ನಷ್ಟ ಅನ್ನೋದು ಎಲ್ಲರಿಗೂ ಕಾಣ್ತು.

ಅಲ್ಲಿಂದ ಮುಂದೆ ಸಮಿತಿ ಮಟ್ಟದಲ್ಲಿ ಚರ್ಚೆ ನಿಲ್ಲಿಸಿ ಅಕ್ಕಪಕ್ಕದ ಹೊಲದವರ ಗುಂಪು ಮಾಡಿದ್ವಿ. ಇದೇನು ನಮ್ಮ ಸ್ವಂತ ಐಡಿಯಾ ಅಲ್ಲ. 2001ರಿಂದ 2009ರವರೆಗೆ ವಿಶ್ವ ಬ್ಯಾಂಕ್ ನೆರವಲ್ಲಿ ನಡೆದ ಸುಜಲ ಯೋಜನೆಯಲ್ಲಿ ಇಂಥ ಪ್ರದೇಶ ಗುಂಪುಗಳಿದ್ವು, ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಈ ಐದು ಜಿಲ್ಲೆಗಳಲ್ಲಿ, ಹಂಗಾಗಿ ತುಮಕೂರು ಕಡೆ ಆ ಪದ್ಧತಿ ನೋಡಿದ ಹಳೆ ಕಾರ್ಯಕರ್ತರು ನಮ್ಮಲ್ಲೂ ಇದ್ರು. ಒಂದೇ ನೀರಿನ ದಾರಿಯಲ್ಲಿ ಬರೋ ಹೊಲಗಳವರು ಒಟ್ಟಿಗೆ ಕೂತು ತಮ್ಮ ತುಂಡಿನ ಕ್ರಿಯಾ ಯೋಜನೆ ತಾವೇ ಬರೀಬೇಕು, ಸಮಿತಿ ಅದನ್ನ ಜೋಡಿಸ್ಬೇಕು ಅಷ್ಟೇ. ಶಾಲೆಯ ಸಿಮೆಂಟ್ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕಾಶೆ ಬರೆದು ಸರ್ವೆ ನಂಬರ್ ಹಾಕಿ, ಎಲ್ಲಿ ಕೊರಕಲು ಇದೆಯೋ ಅಲ್ಲಿ ಕಲ್ಲು ಇಟ್ಟಿದ್ದು. ಓದು ಬರಹ ಬರದೋರೂ ಕಲ್ಲು ಸರಿಸಿ ಸರಿಸಿ ವಾದ ಮಾಡೋರು.

ಆಮೇಲೆ ಪಾಯಿಂಟ್ಸ್. ಯಾರಿಗೆ ಮೊದ್ಲು ಅನ್ನೋದಕ್ಕೆ ಐದು ವಿಷಯ ಇಟ್ಕೊಂಡ್ವಿ: ಹೊಲ ಎಷ್ಟು ಮೇಲಿದೆ, ಕೊರಕಲು ಎಷ್ಟಿದೆ, ಹಿಡುವಳಿ ಎರಡು ಹೆಕ್ಟೇರ್ ಒಳಗಿದೆಯಾ, ನೀರಿನ ದಾರಿಯ ಅಕ್ಕಪಕ್ಕದವರೆಲ್ಲಾ ಒಟ್ಟಿಗೆ ಒಪ್ಪಿದಾರಾ, ವಂತಿಗೆ ಕಟ್ಟೋಕೆ ತಯಾರಾ. ಇದರಲ್ಲಿ ಕೊರಕಲು ಅಳೆಯೋದೇ ದೊಡ್ಡ ತಕರಾರು, ಪ್ರತಿಯೊಬ್ಬನ ಹೊಲದಲ್ಲೂ ಭಯಂಕರ ಕೊರಕಲು ಇದ್ದೇ ಇರತ್ತೆ ಅವನನ್ನ ಕೇಳಿದ್ರೆ. ಕೊನೆಗೆ ಒಬ್ಬ ಹಿರಿಯ ರೈತ ಹೇಳಿದ ಅಳತೆ ನಿಂತ್ಕೊಳ್ತು: ಎತ್ತು ಕಟ್ಟಿ ಉಳುಮೆ ಮಾಡಿದಾಗ ಮುಚ್ಚಿಹೋಗೋದಾದ್ರೆ ಅದಕ್ಕೆ ಕಡಿಮೆ ಪಾಯಿಂಟ್, ಎತ್ತು ದಾಟೋಕೇ ಆಗಲ್ಲ, ಸುತ್ತಿ ಬರ್ಬೇಕು ಅನ್ನೋದಾದ್ರೆ ಜಾಸ್ತಿ. ಮಜಾ ಏನಂದ್ರೆ ಮಣ್ಣು ವಿಜ್ಞಾನದ ಪುಸ್ತಕದಲ್ಲಿ ಸಣ್ಣ ಕೊರಕಲಿಗೂ ದೊಡ್ಡದಕ್ಕೂ ವ್ಯತ್ಯಾಸ ಮಾಡೋದು ಇದೇ ಲೆಕ್ಕದಲ್ಲಿ, ಸಾಮಾನ್ಯ ಉಳುಮೆಯಲ್ಲಿ ಅಳಿಸಿಹೋಗತ್ತಾ ಇಲ್ವಾ ಅಂತ. ಪಟ್ಟಿಯನ್ನ ಪಾಯಿಂಟ್ ಸಮೇತ ದೇವಸ್ಥಾನದ ಗೋಡೆಗೆ ಅಂಟಿಸಿದ್ವಿ, ಎರಡು ಸಲ ಹರಿದು ಹಾಕಿದ್ರು, ಎರಡು ಸಲವೂ ಮತ್ತೆ ಅಂಟಿಸಿದ್ವಿ. ನನ್ನ ಕೇಳಿದ್ರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ಹಾಳೆಯೇ. ತನಗೆ ಯಾಕೆ ಸಿಗಲಿಲ್ಲ ಅಂತ ಕೇಳೋನಿಗೆ ತೋರಿಸೋಕೆ ಏನೋ ಒಂದು ಇತ್ತು.

ವಂತಿಗೆ ವಿಷಯಕ್ಕೆ ಬರೋಣ. ಆಗಿನ ನಿಯಮದ ಪ್ರಕಾರ ಖಾಸಗಿ ಜಮೀನಲ್ಲಿ ಮಣ್ಣು ನೀರು ಸಂರಕ್ಷಣೆ ಕೆಲಸಕ್ಕೆ ರೈತ ಶೇ. 10 ಹಾಕ್ಬೇಕು, ಪರಿಶಿಷ್ಟರು ಮತ್ತೆ ಸಣ್ಣ ಅತಿ ಸಣ್ಣ ರೈತರು ಶೇ. 5, ಅದು ಜಲಾನಯನ ಅಭಿವೃದ್ಧಿ ನಿಧಿ ಅಂತ ಬೇರೆ ಖಾತೆಗೆ ಹೋಗತ್ತೆ, ಮುಂದೆ ರಿಪೇರಿ ನಿರ್ವಹಣೆಗೆ. 5,400 ರೂಪಾಯಿ ಕೆಲಸಕ್ಕೆ ಶೇ. 5 ಅಂದ್ರೆ 270 ರೂಪಾಯಿ, ಏನ್ ಮಹಾ ಅನ್ಸತ್ತೆ. ಆದ್ರೆ ಕೇಳೋದು ಯಾವಾಗ, ಬಿತ್ತನೆ ಬೀಜಕ್ಕೆ ಸಾಲ ಹುಡುಕ್ತಾ ಇರೋವಾಗ. ಮೊದ್ಲು ವಂತಿಗೆ ಕಟ್ಟಿದೋರಿಗೆ ಮೊದ್ಲು ಕೆಲಸ ಅಂತ ಇಟ್ಟಿದ್ರೆ ಪಟ್ಟಿ ತಾನಾಗೇ ತಲೆಕೆಳಗಾಗ್ತಿತ್ತು, ಕೈಯಲ್ಲಿ ಕಾಸಿರೋನು ಮೇಲೆ, ಇಲ್ಲದೋನು ಕೆಳಗೆ. ಹಾಗಾಗಿ ಇಲ್ಲಿ ಪಾಯಿಂಟ್ ಕೊಟ್ಟಿದ್ದು ಕಟ್ಟಿದ್ದಕ್ಕಲ್ಲ, ಕಟ್ತೀನಿ ಅಂತ ಒಪ್ಪಿದ್ದಕ್ಕೆ. ವಂತಿಗೆಯನ್ನ ಶ್ರಮದಾನದ ರೂಪದಲ್ಲೂ ಕೊಡಬಹುದು, ಅದರ ಬೆಲೆಯನ್ನ ಪ್ರಾಜೆಕ್ಟ್ ಖಾತೆಯಿಂದ ನಿಧಿಗೆ ವರ್ಗಾಯಿಸ್ಬೇಕು ಅಂತ ನಿಯಮದಲ್ಲೇ ಇದೆ, ಮೇಲಿನವರಿಗೆ ಅದನ್ನೇ ಮಾಡಿದ್ವಿ. ಎಷ್ಟೋ ಕಡೆ ಇದನ್ನ ಕೂಲಿಯಲ್ಲೇ ಸದ್ದಿಲ್ಲದೆ ಮುರ್ಕೊಂಡು ಬಿಡ್ತಾರೆ, ರೈತನಿಗೆ ತಾನು ವಂತಿಗೆ ಕೊಟ್ಟೆ ಅನ್ನೋದೇ ಗೊತ್ತಿರಲ್ಲ, ಆಮೇಲೆ ಆ ನಿಧಿ ಬಗ್ಗೆ ಯಾರೂ ಯಾಕೆ ಕೇಳಲ್ಲ ಅಂತ ಆಶ್ಚರ್ಯ ಪಡ್ತಾರೆ.

ಈಗ ಆ ನಿಯಮದಲ್ಲಿದ್ದ ಒಂದು ವಿಚಿತ್ರ ನೋಡಿ. ವಂತಿಗೆ ಖಾಸಗಿ ಜಮೀನಿನ ಕೆಲಸಕ್ಕೆ ಮಾತ್ರ. ಹಳ್ಳ ಸರ್ಕಾರದ್ದು, ಚೆಕ್ ಡ್ಯಾಮ್ ಸಾರ್ವಜನಿಕ ಕೆಲಸ, ಅದಕ್ಕೆ ಯಾರೂ ಒಂದು ಪೈಸೆ ಕೊಡಬೇಕಾಗಿಲ್ಲ. ಅಲ್ಲಿ ನಿಂತ ನೀರು ಇಂಗಿ ಹೋಗೋದು ಎಲ್ಲಿಗೆ, ಪಕ್ಕದ ಬೋರ್‌ವೆಲ್‌ಗಳಿಗೆ. ಅಂದ್ರೆ ಗರಸು ನೆಲದ ಎರಡೆಕರೆ ಹೆಂಗಸು ತನ್ನ ಬದುವಿಗೆ ವಂತಿಗೆ ಕೊಡಬೇಕು, ಮೋಟರ್ ಇಟ್ಟು ನೀರೆತ್ತೋನಿಗೆ ಲಕ್ಷಾಂತರದ ಕಟ್ಟಡ ಪುಕ್ಕಟೆ. ಈ ಮಾತನ್ನ ಸಭೆಯಲ್ಲಿ ಎತ್ತಿದ್ದು ನಾವಲ್ಲ, ಸ್ವಸಹಾಯ ಸಂಘದ ಕಡೆಯಿಂದ ಸಮಿತಿಗೆ ಬಂದಿದ್ದ ಒಬ್ಬ ಹೆಂಗಸು, ಅಲ್ಲಿವರೆಗೂ ಚಾಪೆ ಅಂಚಲ್ಲಿ ಕೂತಿದ್ದವಳು. ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ, ಆಮೇಲೆ ಒಂದೇ ಸಲ ಎಲ್ಲರೂ ಮಾತಾಡಿದ್ರು. ಬೋರ್‌ವೆಲ್‌ನವರ ವಾದ ಏನಂದ್ರೆ ನೀರು ಭೂಮಿಯೊಳಗೆ ಎಲ್ಲಿ ಹೋಗತ್ತೆ ಯಾರು ಕಂಡೋರು, ಕುಡಿಯೋ ನೀರಿನ ಬೋರೂ ತುಂಬತ್ತಲ್ವಾ. ಪೂರ್ತಿ ಸುಳ್ಳಲ್ಲ ಅದು, ಗ್ರಾನೈಟ್ ಬಂಡೆ ಸೀಳುಗಳಲ್ಲಿ ನೀರು ಯಾವ ಕಡೆ ಓಡತ್ತೆ ಅಂತ ಗೆರೆ ಎಳೆದು ಹೇಳೋಕೆ ಆಗಲ್ಲ, ಜೊತೆಗೆ ಪಾವಗಡದ ಬೋರ್ ನೀರಲ್ಲಿ ಫ್ಲೋರೈಡ್ ಕಾಟ ಬೇರೆ, ಮಳೆ ನೀರು ಇಂಗಿದ್ರೆ ಒಳ್ಳೇದೇ ಅಂತ ಎಲ್ಲರಿಗೂ ಗೊತ್ತು. ಕೊನೆಗೆ ಆದ ರಾಜಿ: ಮೂರರ ಬದಲು ಒಂದೇ ಚೆಕ್ ಡ್ಯಾಮ್, ಮೇಲಿನ ಬದು ಮುಗಿದ ಮೇಲೆ, ಹಳ್ಳದ ಗುಂಟ ಬೋರ್ ಇರೋರು ಹೂಳೆತ್ತೋ ಖರ್ಚಿಗೆ ಅಂತ ನಿಧಿಗೆ ಸ್ವಇಚ್ಛೆಯಿಂದ ದುಡ್ಡು ಹಾಕ್ಬೇಕು. ಸ್ವಇಚ್ಛೆ ಅಂದ್ಮೇಲೆ ಗೊತ್ತಲ್ಲ, ಕೆಲವರು ಹಾಕಿದ್ರು, ಕೆಲವರು ಮುಂದಿನ ಬೆಳೆಗೆ ಅಂದ್ರು, ಅಲ್ಲಿಗೆ ಮುಗೀತು.

ಗೋಮಾಳದ್ದು ಬೇಗ ಹೇಳ್ತೀನಿ. ಬೇಲಿ ಹಾಕೋ ಪ್ರಸ್ತಾಪ ಕೈಬಿಟ್ರು, ಗೋಕಟ್ಟೆ ಹೂಳೆತ್ತೋದು ಆರಂಭದ ಶೇ. 4ರ ದುಡ್ಡಲ್ಲೇ, ಅಂದ್ರೆ 2 ಲಕ್ಷದ 40 ಸಾವಿರದಲ್ಲೇ ಮುಗೀತು, ಕುರಿಯವರು ಆಮೇಲೆ ಸಭೆಗೆ ಬರೋದೇ ನಿಲ್ಲಿಸಿದ್ರು, ಜೀವನೋಪಾಯದ 5 ಲಕ್ಷದ 40 ಸಾವಿರಕ್ಕೆ ಅವರೇ ಮೊದಲ ಹಕ್ಕುದಾರರು ಅಂತ ಎಷ್ಟು ಹೇಳಿ ಕಳಿಸಿದ್ರೂ ಬಂದವರು ಕೆಲವರೇ.

ಪಟ್ಟಿ ರೆಡಿ ಇತ್ತು, ದುಡ್ಡು ರೆಡಿ ಇರ್ಲಿಲ್ಲ. ಮಣ್ಣಿನ ಕೆಲಸಕ್ಕೆ ಕಾಲ ಅಂತ ಇರೋದು ಕೊಯ್ಲು ಮುಗಿದ ಮೇಲಿಂದ ಮುಂಗಾರಿನ ತನಕ, ಜನವರಿಯಿಂದ ಮೇ ಒಳಗೆ. ಹೊಲದಲ್ಲಿ ಪೈರಿದ್ದಾಗ ಬದು ಹಾಕೋಕೆ ಯಾರೂ ಬಿಡಲ್ಲ. ಕಂತು ಕಂತಾಗಿ ಬರೋ ಹಣದಲ್ಲಿ ಎರಡನೇದು ತಡವಾಗಿ ಮಾರ್ಚ್ ಹತ್ರ ಬಂತು, ಮೇಲಿನ ಕಚೇರಿಯಿಂದ ಮಾರ್ಚ್ 31ರೊಳಗೆ ಖರ್ಚು ತೋರಿಸಿ ಅಂತ ದಿನಾ ಫೋನು. ನಲವತ್ತು ಜನರ ಸಣ್ಣ ಸಣ್ಣ ಹೊಲಗಳಲ್ಲಿ ಬದು ಹಾಕ್ಸಿ ಒಂದೊಂದನ್ನೂ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಮಾಡೋಕೆ ಎಷ್ಟು ದಿನ ಬೇಕು, ಒಂದು ಚೆಕ್ ಡ್ಯಾಮ್‌ಗೆ ಜೆಸಿಬಿ, ಸಿಮೆಂಟು, ಜಲ್ಲಿ ತರಿಸಿ ಬಿಲ್ ಮಾಡೋಕೆ ಎಷ್ಟು ದಿನ ಬೇಕು, ನೀವೇ ಯೋಚ್ನೆ ಮಾಡಿ. ಪಟ್ಟಿಯಲ್ಲಿ ಕೊನೆಗಿದ್ದ ಚೆಕ್ ಡ್ಯಾಮ್ ಮೂರೇ ವಾರದಲ್ಲಿ ಮೊದಲನೇ ಜಾಗಕ್ಕೆ ಬಂತು. ಯಾರೂ ಲಂಚ ತಗೊಳ್ಳಲಿಲ್ಲ, ಯಾರೂ ಪಾಯಿಂಟ್ ತಿದ್ದಲಿಲ್ಲ, ಕ್ಯಾಲೆಂಡರ್ ಒಂದೇ ಸಾಕಾಯ್ತು. ಊರಿನ ಮಟ್ಟದಲ್ಲಿ ಆದ್ಯತೆ ನಿರ್ಧರಿಸ್ಬೇಕು ಅಂತ ಹೇಳೋರು ದುಡ್ಡು ಯಾವ ತಿಂಗಳಲ್ಲಿ ಬರ್ಬೇಕು ಅಂತ ಹೇಳೋ ಅಧಿಕಾರವನ್ನ ಮಾತ್ರ ಊರಿಗೆ ಕೊಟ್ಟಿಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ದೊಡ್ಡ ತೂತು ಇದೇ, ಸಮಿತಿ ಎಷ್ಟೇ ಚೆನ್ನಾಗಿ ಕೂತು ಬರೆದ ಪಟ್ಟಿಯಾದ್ರೂ ಈ ತೂತಲ್ಲಿ ಸೋರಿಹೋಗತ್ತೆ.

ಮೊದಲ ವರ್ಷದ ಕಂತಲ್ಲಿ ಗುಡ್ಡದ ಬುಡದ ಎರಡು ಗುಂಪುಗಳ ಬದು ಆಗಿತ್ತು, ಅದೊಂದು ಸಮಾಧಾನ. ಚೆಕ್ ಡ್ಯಾಮ್ ಮುಂಚೆ ನುಗ್ಗಿದ್ರಿಂದ ಉಳಿದ ಗುಂಪುಗಳನ್ನ ಉದ್ಯೋಗ ಖಾತ್ರಿಗೆ ಸೇರಿಸೋ ಪ್ರಯತ್ನ ಮಾಡಿದ್ವಿ. ಪರಿಶಿಷ್ಟರ, ಸಣ್ಣ ಮತ್ತು ಅತಿ ಸಣ್ಣ ರೈತರ ಸ್ವಂತ ಜಮೀನಲ್ಲಿ ಆ ಯೋಜನೆಯಡಿ ಬದು ಹಾಕೋಕೆ ಆಗ ಅವಕಾಶ ಇತ್ತು, ಯಂತ್ರ ಬಳಸೋ ಹಾಗಿರ್ಲಿಲ್ಲ, ಕೂಲಿಗೆ ಶೇ. 60, ಸಾಮಗ್ರಿಗೆ ಶೇ. 40ರ ಮಿತಿ, ಬದು ಕೆಲಸ ಬಹುತೇಕ ಕೂಲಿಯೇ ಆದ್ರಿಂದ ಸರಿಯಾಗಿ ಹೊಂದ್ಕೊಳ್ತಿತ್ತು. ಪಂಚಾಯ್ತಿ ಕ್ರಿಯಾ ಯೋಜನೆಗೆ ನಮ್ಮ ಪಟ್ಟಿಯ ಸರ್ವೆ ನಂಬರ್‌ಗಳನ್ನೇ ಅದೇ ಕ್ರಮದಲ್ಲಿ ಸೇರಿಸಿದ್ರು, ಸ್ವಲ್ಪ ಆಯ್ತು, ಕೂಲಿ ಪೇಮೆಂಟ್ ತಡ ಆಗಿದ್ದೇ ನಿಂತ್ಹೋಯ್ತು.

ಕೆಲ ವರ್ಷದ ನಂತರ ಹೋಗಿ ನೋಡಿದಾಗ ಹೊಲದ ಅಂಚಿಗೆ ಹಾಕಿದ್ದ ಬದುಗಳು ಬಹುತೇಕ ಇದ್ವು. ಸಮಪಾತಳಿ ರೇಖೆ, ಅಂದ್ರೆ ನೆಲದ ಒಂದೇ ಎತ್ತರ ಹಿಡಿದು ಹೋಗೋ ಗೆರೆ ಅಂತ ಹೊಲದ ಮಧ್ಯೆ ಅಡ್ಡಲಾಗಿ ಹಾಕಿದ್ದನ್ನ ಸುಮಾರು ಜನ ಉತ್ತು ಸಮ ಮಾಡಿದ್ರು. ಇಂಜಿನಿಯರ್ ಲೆಕ್ಕದಲ್ಲಿ ಮಧ್ಯದ್ದೇ ಸರಿ, ಆದ್ರೆ ಎರಡೆಕರೆ ಹೊಲವನ್ನ ಕೂರಿಗೆ ತಿರುಗದ ಹಾಗೆ ಮೂರು ತುಂಡು ಮಾಡಿದ್ರೆ ರೈತ ಇಟ್ಕೊಳ್ಳಲ್ಲ, ಸ್ವಲ್ಪ ವಾಲಿದ್ರೂ ಅಂಚಿನ ಬದುವಿಗೆ ಹೆಚ್ಚಾದ ನೀರು ಹೊರಗೆ ಹೋಗೋ ಕೋಡಿ ಸರಿಯಾಗಿ ಮಾಡ್ಸಿಕೊಡೋದು ಮೇಲು. ಆ ವಿಧವೆ ಹೊಲದ ಅಂಚಲ್ಲಿ ಬದುವಿನ ಒಳಬದಿ ಒಂದು ಗೇಣು ಮಣ್ಣು ನಿಂತಿತ್ತು, ಅದರ ಮೇಲೆ ತೊಗರಿ ಹಾಕಿದ್ಲು. ಕೆಳಗೆ ಚೆಕ್ ಡ್ಯಾಮ್‌ನಲ್ಲಿ ಹೂಳು ಅರ್ಧಕ್ಕೆ ಬಂದಿತ್ತು, ಬರದೇ ಇರತ್ತಾ, ಮೇಲೆ ಅರ್ಧ ಕಡೆ ಬದುವೇ ಇಲ್ಲ. ಹೂಳೆತ್ತೋಕೆ ಅಂತ ಇದ್ದ ನಿಧಿ ಬ್ಯಾಂಕಲ್ಲೇ ಇದೆ, ಜಂಟಿ ಸಹಿ ಮಾಡ್ಬೇಕಾದ ಅಧ್ಯಕ್ಷ ಬೆಂಗಳೂರಿಗೆ ಹೋಗಿ ಸೆಟಲ್ ಆಗಿದಾನೆ.

ಇನ್ನೊಂದು ವಿಷಯ, ಅದೇ ತಾಲ್ಲೂಕಿನ ತಿರುಮಣಿ ಕಡೆ ಆಮೇಲೆ ಸೋಲಾರ್ ಪಾರ್ಕ್ ಬಂತು, ಸುಮಾರು 13,000 ಎಕರೆ, 2,050 ಮೆಗಾವಾಟ್, ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರು. ಮಣ್ಣು ಉಳಿಸೋಕೆ ಎಕರೆಗೆ 2,700 ಒಂದೇ ಸಲ, ಮಣ್ಣಿನ ಮೇಲೆ ಪ್ಯಾನೆಲ್ ಹಾಕೋಕೆ ಬಿಟ್ರೆ ಪ್ರತಿ ವರ್ಷ 21,000. ಬದುವಿನ ಸಭೆಗೆ ಹುಡುಗರು ಯಾಕೆ ಬರಲ್ಲ ಅಂತ ಕೇಳೋರು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡ್ಲಿ.

ನಮ್ಮ ಪಾಯಿಂಟ್ ಪಟ್ಟಿಯಲ್ಲಿ ಮಣ್ಣಿನ ಆಳಕ್ಕೆ ಅಂಕ ಇರ್ಲಿಲ್ಲ, ಅಳೆಯೋ ದಾರಿ ಇರ್ಲಿಲ್ಲ ಅದಕ್ಕೆ. ಆಮೇಲೆ ಸುಜಲ ಮೂರನೇ ಹಂತದಲ್ಲಿ ಭೂ ಸಂಪನ್ಮೂಲ ಸಮೀಕ್ಷೆ ಅಂತ 1:7,920 ಅಳತೆಯ ನಕಾಶೆಯಲ್ಲಿ ಸರ್ವೆ ನಂಬರ್ ಮಟ್ಟದಲ್ಲೇ ಮಣ್ಣಿನ ಆಳ, ಗರಸು, ಇಳಿಜಾರು, ಸವಕಳಿ ಎಲ್ಲಾ ಗುರುತಿಸಿದ್ರು. ಅದು ಕೈಯಲ್ಲಿದ್ದಿದ್ರೆ ಒಂದು ತಿಂಗಳ ವಾದ ಉಳೀತಿತ್ತು ಅನ್ನೋರಿದಾರೆ, ನಾನು ಅಷ್ಟು ಒಪ್ಪಲ್ಲ. ನಕಾಶೆ ಯಾರ ಮಣ್ಣು ತೆಳು ಅಂತ ಹೇಳತ್ತೆ, ಯಾರ ಮಣ್ಣು ಯಾರ ಹೊಲಕ್ಕೆ ಹೋಗಿದೆ, ಅದನ್ನ ನಿಲ್ಲಿಸಿದ್ರೆ ಯಾರು ಮುನಿಸ್ಕೊತಾರೆ ಅಂತ ಹೇಳಲ್ಲ. ಎರಡೂ ಬೇಕು, ನಕಾಶೆ ಇಟ್ಕೊಂಡು ಗುಂಪು ಕೂರ್ಬೇಕು.

2021ರಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 22,000 ರೂಪಾಯಿ ಆಗಿದೆ, ಅದೇ 500 ಹೆಕ್ಟೇರಿಗೆ 1 ಕೋಟಿ 10 ಲಕ್ಷ. ಹೊಸ ಸಮಿತಿ ಮಾಡೋ ಊರಿನವರು ಯಾರಾದ್ರೂ ಕೇಳಿದ್ರೆ ಹೇಳೋದು ಎರಡೇ. ಬೋರ್‌ವೆಲ್ ಇರೋರ ಪಾಲು ಎಷ್ಟು ಅನ್ನೋದನ್ನ ಚೆಕ್ ಡ್ಯಾಮ್‌ಗೆ ಜಾಗ ಗುರುತು ಮಾಡೋಕೂ ಮುಂಚೆ ಗ್ರಾಮಸಭೆಯಲ್ಲಿ ಠರಾವು ಮಾಡಿ ಬರೆಸಿ, ಗೋಡೆ ಕಟ್ಟಿದ್ಮೇಲೆ ಯಾರೂ ಕೊಡಲ್ಲ. ಮತ್ತೆ ಪಟ್ಟಿ ಬರೆಯೋವಾಗ ಒಂದಲ್ಲ ಎರಡು ಬರೀರಿ, ದುಡ್ಡು ಜನವರಿಯಲ್ಲಿ ಬಂದ್ರೆ ಯಾವ ಕೆಲಸ, ಮಾರ್ಚಲ್ಲಿ ಬಂದ್ರೆ ಮೇಲಿನ ಹೊಲದವರಿಗೇ ಬೇಗ ಮಾಡಿ ಮುಗಿಸಬಹುದಾದ ಕೆಲಸ ಯಾವುದು, ಗುಡ್ಡದ ಬುಡದ ಕಲ್ಲು ಪಿಚ್ಚಿಂಗೋ, ಕೊರಕಲಿಗೆ ಅಡ್ಡ ಹಾಕೋ ಕಲ್ಲು ತಡೆಯೋ, ಏನಾದ್ರೂ ಒಂದು ಅಂದಾಜು ಸಮೇತ ರೆಡಿ ಇರ್ಲಿ.